ಹಳೇ ಮೊಬೈಲ್, ಅಕ್ಕಿ ಚೀಲದ ಕೋಣೆ, ಇಂಗ್ಲಿಷ್ ಪಿರಿಯಡ್: ಮಕ್ಕಳ ಮಾತು ರೆಕಾರ್ಡ್ ಮಾಡಿ ಕಲಿಸೋದು ಹೇಗೆ

ಒಂದು ಇಂಗ್ಲಿಷ್ ಪಿರಿಯಡ್ 40 ನಿಮಿಷ. ಕ್ಲಾಸಿನಲ್ಲಿ 35 ಮಕ್ಕಳು ಅಂದುಕೊಳ್ಳಿ. ಹಾಜರಿ, ಹೋಂವರ್ಕ್ ನೋಡೋದು, ಬೋರ್ಡಿನಿಂದ ಬರೆಸೋದು ಅಂತ 15 ನಿಮಿಷ ಹೋಗುತ್ತದೆ. ಉಳಿದ ಹೊತ್ತಿನಲ್ಲೂ ಜಾಸ್ತಿ ಮಾತಾಡುವವರು ಶಿಕ್ಷಕರಾದ ನಾವೇ. ಮಕ್ಕಳ ಪಾಲಿಗೆ ಬರೋದು ಎಲ್ಲರೂ ಸೇರಿ ರಾಗವಾಗಿ ಕೂಗುವ ‘ಗುಡ್ ಮಾರ್ನಿಂಗ್ ಟೀಚರ್’, ಆಮೇಲೆ ಮುಂದಿನ ಸಾಲಿನ ನಾಲ್ಕು ಮಕ್ಕಳ ಉತ್ತರ. ಹಿಂದಿನ ಸಾಲಿನ ಹುಡುಗ ಇಡೀ ವಾರ ಒಂದೂ ಇಂಗ್ಲಿಷ್ ವಾಕ್ಯವನ್ನು ತಾನಾಗಿ ಹೇಳದೆ ಪಾರಾಗಿಬಿಡುತ್ತಾನೆ.

ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದ್ದು 2007ರಲ್ಲಿ. ಪುಸ್ತಕ ಬಂತು, ಪಾಠ ಬಂತು. ಆದರೆ ಶಾಲೆ ಬಿಟ್ಟ ಮೇಲೆ ಮಗುವಿನ ಕಿವಿಗೆ ಇಂಗ್ಲಿಷ್ ಬೀಳೋದು ಕಡಿಮೆ. ಬಾಗಲಕೋಟೆ ಕಡೆ ಮನೆಯಲ್ಲಿ ಕನ್ನಡ, ತಾಂಡಾಗಳಲ್ಲಿ ಲಂಬಾಣಿ, ನಿಪ್ಪಾಣಿ-ಖಾನಾಪುರ ಕಡೆ ಮರಾಠಿ, ವಿಜಯಪುರ ಶಹರದ ಓಣಿಗಳಲ್ಲಿ ಉರ್ದು. ಇಂಥ ಮಕ್ಕಳಿಗೆ ಇಂಗ್ಲಿಷ್ ಅಂದರೆ ನಿಜಕ್ಕೂ ಪರದೇಶದ ಭಾಷೆಯೇ.

ರೆಕಾರ್ಡರ್ ಇಲ್ಲಿ ಎರಡು ಕೆಲಸಕ್ಕೆ ಬರುತ್ತದೆ. ಒಂದು, ಒಂದೇ ಹೊತ್ತಿನಲ್ಲಿ ನಾಲ್ಕೈದು ಗುಂಪು ಮಾತಾಡಬಹುದು. ಎರಡು, ಮಗು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳಬಹುದು. ಈ ಎರಡನೆಯದೇ ದೊಡ್ಡದು. ರೆಕಾರ್ಡ್ ಮಾಡೋದು 30 ಸೆಕೆಂಡಿನ ಕೆಲಸ. ಮಗು ಕಲಿಯೋದು ಅದನ್ನು ಕೇಳುವಾಗ. ಮೆಮೊರಿ ಕಾರ್ಡ್ ತುಂಬ ರೆಕಾರ್ಡ್ ಮಾಡಿ ಒಮ್ಮೆಯೂ ಕೇಳಿಸದ ಕ್ಲಾಸಿಗಿಂತ, ಮೂರೇ ವಾಕ್ಯ ರೆಕಾರ್ಡ್ ಮಾಡಿ ಮೂರು ಸಲ ಕೇಳಿಸಿದ ಕ್ಲಾಸು ಮುಂದೆ ಹೋಗುತ್ತದೆ. ಮುಂದೆ ಹೇಳೋದನ್ನೆಲ್ಲ ಇದೊಂದನ್ನು ತಲೆಯಲ್ಲಿಟ್ಟುಕೊಂಡು ಓದಿ.

ಮೊದಲು ಸಾಧನ ಹೊಂದಿಸಿಕೊಳ್ಳಿ

ಹೊಸದೇನೂ ಕೊಳ್ಳಬೇಡಿ. ಮನೆಯ ಕಪಾಟಿನಲ್ಲಿ ಒಂದಾದರೂ ಹಳೇ ಸ್ಮಾರ್ಟ್‌ಫೋನ್ ಬಿದ್ದಿರುತ್ತದೆ, ಅಲ್ವಾ? ಕ್ಯಾಮೆರಾ ಕೆಟ್ಟಿರಲಿ, ಗ್ಲಾಸು ಒಡೆದಿರಲಿ, ಮೈಕ್ ಮತ್ತು ಬ್ಯಾಟರಿ ಸರಿ ಇದ್ದರೆ ಸಾಕು. ಸಿಮ್ ತೆಗೆಯಿರಿ. ಫ್ಯಾಕ್ಟರಿ ರೀಸೆಟ್ ಮಾಡಿ ನಿಮ್ಮ ಫೋಟೊ, ನಂಬರು ಎಲ್ಲ ಅಳಿಸಿ. ಒಡೆದ ಗ್ಲಾಸಿನ ಮೇಲೆ ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ, ಮಕ್ಕಳ ಬೆರಳಿಗೆ ತಾಗಬಾರದು. ರೆಕಾರ್ಡರ್ ಒಂದನ್ನು ಬಿಟ್ಟು ಬೇರೆ ಯಾವ ಆ್ಯಪೂ ಮೊದಲ ಪುಟದಲ್ಲಿ ಕಾಣದ ಹಾಗೆ ಮಾಡಿ. ಗೇಮ್ ಕಂಡರೆ ಮುಗೀತು, ಆಮೇಲೆ ಇಂಗ್ಲಿಷ್ ಯಾರಿಗೂ ನೆನಪಿರಲ್ಲ.

ಇಂಥ ಮೂರು-ನಾಲ್ಕು ಫೋನ್ ಕೂಡಿದರೆ ಇಡೀ ಕ್ಲಾಸು ನಡೆಯುತ್ತದೆ. ಸಹೋದ್ಯೋಗಿಗಳನ್ನು ಕೇಳಿ, ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿ. ಹೊಸ ಕಂಪ್ಯೂಟರ್ ಕೊಡಿಸಿ ಅಂದರೆ ಹಿಂದೆಮುಂದೆ ನೋಡುವವರು ಹಳೇ ಮೊಬೈಲ್ ಅಂದರೆ ಮರುದಿನವೇ ತಂದುಕೊಡುತ್ತಾರೆ. ಒಂದೇ ಫೋನ್ ಇದ್ದರೂ ಕೆಲಸ ನಿಲ್ಲಲ್ಲ, ಸರದಿ ನಿಧಾನ ಆಗುತ್ತದೆ ಅಷ್ಟೆ.

ಕೀಪ್ಯಾಡ್ ಫೋನಿನಲ್ಲೂ ರೆಕಾರ್ಡರ್ ಇರುತ್ತದೆ, ಅದನ್ನೇ ಬಳಸಬಹುದೇ? ಕಥೆ ಹೇಳಿಸೋಕೆ, ಪ್ರಶ್ನೆ-ಉತ್ತರಕ್ಕೆ ಸಾಕು. ಉಚ್ಚಾರಣೆ ತಿದ್ದೋಕೆ ಮಾತ್ರ ಬೇಡ. ಅಂಥ ಫೋನುಗಳು ಬಹುಮಟ್ಟಿಗೆ ಎಎಂಆರ್ ಅನ್ನುವ ಫಾರ್ಮ್ಯಾಟಿನಲ್ಲಿ ಉಳಿಸುತ್ತವೆ. ಅದು ಫೋನ್ ಕರೆಗೆ ಅಂತ ಮಾಡಿದ್ದು. ಸುಮಾರು 3400 ಹರ್ಟ್ಸ್‌ಗಿಂತ ಮೇಲಿನ ಶಬ್ದವನ್ನು ಕತ್ತರಿಸಿ ಬಿಸಾಕುತ್ತದೆ. ‘ಸ’, ‘ಫ’ ಇಂಥ ಸುಯ್ಯನೆ ಬರುವ ಶಬ್ದಗಳ ಜೀವ ಇರೋದೇ ಅದರ ಮೇಲೆ. ಮಗು ಸರಿಯಾಗಿ ಹೇಳಿದ್ದರೂ ರೆಕಾರ್ಡಿಂಗಿನಲ್ಲಿ ‘ಸಿಕ್ಸ್’ ಮೊಂಡಾಗಿ ಕೇಳುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ ‘ಎಸ್ ಫಾರ್ ಸೋಲಾಪುರ’ ಅಂತ ಬಿಡಿಸಿ ಹೇಳಬೇಕಾಗೋದು ಇದಕ್ಕೇ.

ಕೇಳಿಸೋಕೆ ಒಂದು ಸ್ಪೀಕರ್ ಬೇಕೇ ಬೇಕು. ಫೋನಿನ ಸ್ಪೀಕರ್ 35 ಮಕ್ಕಳಿಗೆ ಮುಟ್ಟಲ್ಲ. ಸಣ್ಣ ಬ್ಲೂಟೂತ್ ಸ್ಪೀಕರ್ ಸಾಕು. ಅದನ್ನು ಟೇಬಲ್ ಮೇಲೆ ಇಡೋ ಬದಲು ಕ್ಲಾಸಿನ ನಡುವೆ, ಕೂತ ಮಕ್ಕಳ ಕಿವಿಯ ಎತ್ತರಕ್ಕೆ ಒಂದು ಸ್ಟೂಲ್ ಮೇಲಿಡಿ. ಹಿಂದಿನ ಸಾಲಿಗೂ ಸಮನಾಗಿ ಕೇಳುತ್ತದೆ, ದನಿ ಜಾಸ್ತಿ ಏರಿಸಬೇಕಾಗಿಲ್ಲ. ಪ್ರಾರ್ಥನೆಗೆ ಬಳಸುವ ದೊಡ್ಡ ಸೌಂಡ್ ಬಾಕ್ಸ್ ಕೋಣೆಯೊಳಗೆ ಬೇಡ, ಬರೇ ಗದ್ದಲ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅಂಗಿಗೆ ಸಿಕ್ಕಿಸುವ ವೈರಿನ ಮೈಕ್ ತನ್ನಿ. ಸುಮಾರು ಇನ್ನೂರು-ಮುನ್ನೂರು ರೂಪಾಯಿಗೆ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಹೋಗುವಾಗ ಫೋನನ್ನೂ ಒಯ್ಯಿರಿ. ಬಹಳಷ್ಟು ಹೊಸ ಫೋನುಗಳಲ್ಲಿ ಇಯರ್‌ಫೋನಿನ ದುಂಡು ತೂತೇ ಇರಲ್ಲ, ಅವಕ್ಕೆ ಟೈಪ್-ಸಿ ಪಿನ್ನಿನ ಮೈಕ್ ಬೇಕು. ಸಾವಿರಾರು ರೂಪಾಯಿಯ ಡಿಜಿಟಲ್ ವಾಯ್ಸ್ ರೆಕಾರ್ಡರ್ ಯಾರಾದರೂ ದಾನ ಕೊಟ್ಟರೆ ಖುಷಿಯಿಂದ ತಗೊಳ್ಳಿ. ಕೆಂಪು ಬಟನ್ ಒತ್ತಿದರೆ ಶುರು, ಇನ್ನೊಂದು ಒತ್ತಿದರೆ ನಿಲ್ಲುತ್ತದೆ, ಸಣ್ಣ ಮಕ್ಕಳಿಗೆ ಸುಲಭ. ಸ್ವಂತ ಸಂಬಳದಲ್ಲಿ ತರುವಂಥದ್ದೇನಲ್ಲ.

ಇನ್ನೊಂದು ಮಾತು. ಕ್ಲಾಸಿನಲ್ಲಿ ಮೊಬೈಲ್ ಹಿಡಿದದ್ದು ಕಂಡರೆ ಯಾರಾದರೂ ತಪ್ಪು ತಿಳಿಯಬಹುದು. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿ, ಪಾಠಯೋಜನೆಯಲ್ಲಿ ‘ಆಡಿಯೊ ರೆಕಾರ್ಡಿಂಗ್ ಚಟುವಟಿಕೆ’ ಅಂತ ಬರೆದಿಡಿ. ಶಾಲೆ ನೋಡೋಕೆ ಬರುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದರೆ ತೋರಿಸೋಕೆ ಒಂದು ಕಾಗದ ಇರುತ್ತದೆ.

ಜಾಗ ಹುಡುಕಿ

ರೆಕಾರ್ಡಿಂಗ್ ಕೆಡೋದು ಹೆಚ್ಚಾಗಿ ಫೋನಿನಿಂದ ಅಲ್ಲ, ಕೋಣೆಯಿಂದ. ಬರೀ ಗೋಡೆ, ಕಲ್ಲುಹಾಸು, ಮೇಲೆ ಆರ್‌ಸಿಸಿ ಇರುವ ಖಾಲಿ ಕೋಣೆಯಲ್ಲಿ ಮಾತಾಡಿದರೆ ಗೋಲಗುಂಬಜಿನೊಳಗೆ ನಿಂತು ಕೂಗಿದ ಹಾಗೆ ಮಾತಿನ ಬಾಲ ಉಳಿಯುತ್ತದೆ. ನಮ್ಮ ಕಿವಿ ಅದನ್ನು ಸೋಸಿಕೊಳ್ಳುತ್ತದೆ, ಮೈಕ್ ಸೋಸಲ್ಲ.

ಶಾಲೆಯಲ್ಲಿ ಇದಕ್ಕೆ ಒಳ್ಳೆಯ ಜಾಗ ಬಿಸಿಯೂಟದ ಸಾಮಾನಿನ ಕೋಣೆ. ನಗಬೇಡಿ. ಪೇರಿಸಿಟ್ಟ ಅಕ್ಕಿ ಚೀಲ, ಬೇಳೆ ಚೀಲ ಶಬ್ದವನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ, ಗೋಡೆಗೆ ಬಡಿದು ವಾಪಸ್ ಬರೋದು ಕಡಿಮೆ. ಅಡುಗೆಯವರು ಸಾಮಾನು ತೆಗೆದುಕೊಂಡು ಹೋದ ಮೇಲೆ ಅರ್ಧ ತಾಸು ಕೋಣೆ ಕೇಳಿ. ಅದು ಸಿಗದಿದ್ದರೆ ಕ್ಲಾಸಿನ ಒಂದು ಮೂಲೆಯಲ್ಲಿ ಜಮಖಾನ ಹಾಸಿ, ಹಿಂದೆ ಒಂದು ಚಾದರ ಇಳಿಬಿಟ್ಟರೂ ಸಾಕಷ್ಟು ಸುಧಾರಿಸುತ್ತದೆ. ಇಲ್ಲವಾದರೆ ಬೇವಿನ ಮರದ ಕೆಳಗೆ ಕೂರಿಸಿ, ಬಯಲಿನಲ್ಲಿ ಪ್ರತಿಧ್ವನಿಯ ಕಾಟವೇ ಇಲ್ಲ. ಗಾಳಿ ಬೀಸಿದರೆ ಮಾತ್ರ ‘ಭರ್ರ್’ ಅನ್ನುತ್ತದೆ. ಮೈಕಿನ ತೂತಿನ ಮೇಲೆ ತೆಳ್ಳಗೆ ಸ್ಪಂಜು ಅಂಟಿಸಿ.

ಫ್ಯಾನ್ ಬಂದ್ ಮಾಡಿ. ಮೂರು ನಿಮಿಷ ಬೆವರಿದರೆ ಏನೂ ಆಗಲ್ಲ. ರಸ್ತೆ ಕಡೆಯ ಕಿಟಕಿ ಮುಚ್ಚಿ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಕಾರ್ಖಾನೆ ಶುರುವಾದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು, ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಶಾಲೆ ಮುಂದೆಯೇ ಹಾಯುತ್ತವೆ. ನವೆಂಬರಿನಿಂದ ಮುಂದೆ ನಾಲ್ಕು ತಿಂಗಳು ರೆಕಾರ್ಡಿಂಗನ್ನು ಬೆಳಗಿನ ಮೊದಲ ಪಿರಿಯಡ್‌ಗೆ ಹಾಕಿಕೊಳ್ಳಿ. ಆದರೂ ಟ್ರ್ಯಾಕ್ಟರ್ ಬಂತೋ, ನಿಲ್ಲಿಸಿ ಕಾಯಿರಿ, ಅಥವಾ ಅದನ್ನೇ ಪಾಠ ಮಾಡಿ. ಹೇಗೆ ಅಂತ ಕೆಳಗೆ ಬರುತ್ತದೆ.

ಫೋನ್ ಹಿಡಿಯೋದನ್ನು ಮಕ್ಕಳಿಗೆ ಕಲಿಸಿ

ಮೈಕ್ ಇರೋದು ಫೋನಿನ ಕೆಳ ಅಂಚಿನ ಸಣ್ಣ ತೂತಿನಲ್ಲಿ. ಮಕ್ಕಳು ಫೋನನ್ನು ಮುಷ್ಟಿಯಲ್ಲಿ ಹಿಡಿದಾಗ ಕಿರುಬೆರಳು ಸೀದಾ ಅದರ ಮೇಲೇ ಕೂರುತ್ತದೆ. ಅದಕ್ಕೆ ಕೈಯಲ್ಲಿ ಕೊಡಲೇಬೇಡಿ. ಮಡಚಿದ ಟವೆಲ್ ಮೇಲೆ ಫೋನ್ ಇಡಿ, ಬೆಂಚು ಕುಟ್ಟಿದ ಸಪ್ಪಳವೂ ಆಗ ಬರಲ್ಲ. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು ಅಂತರ ಇರಲಿ. ಮುಖ ಸ್ವಲ್ಪ ಓರೆ ಇರಲಿ, ಇಲ್ಲದಿದ್ದರೆ ‘ಪೆನ್’, ‘ಬಾಲ್’ ಅನ್ನುವಾಗ ಬಾಯಿಂದ ಬರುವ ಗಾಳಿ ಮೈಕಿಗೆ ಹೊಡೆದು ‘ಡಬ್’ ಅನ್ನುತ್ತದೆ.

ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡಬಾರದು. ಮನಸ್ಸಿನಲ್ಲಿ ‘ಒನ್, ಟೂ’ ಎಣಿಸಿ ಮಾತಾಡಬೇಕು. ಮುಗಿದ ಮೇಲೂ ಎರಡು ಎಣಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಮೊದಲ ಶಬ್ದ, ಕೊನೆಯ ಶಬ್ದ ಎರಡೂ ತುಂಡಾಗುತ್ತವೆ. ಸ್ಕ್ರೀನಿನಲ್ಲಿ ಸಮಯ ಓಡುತ್ತಿದೆಯೇ ಅಂತ ನೋಡುವ ಕೆಲಸವನ್ನು ಗುಂಪಿನಲ್ಲಿ ಒಬ್ಬರಿಗೆ ವಹಿಸಿ. ಐದು ನಿಮಿಷ ಮಾತಾಡಿ ಆಮೇಲೆ ರೆಕಾರ್ಡರ್ ‘ಪಾಜ್’ ಆಗಿ ನಿಂತೇ ಇತ್ತು ಅಂತ ಗೊತ್ತಾದರೆ ಮಕ್ಕಳ ಮುಖ ನೋಡೋಕಾಗಲ್ಲ.

ಮೊದಲ ದಿನ ಇಂಗ್ಲಿಷ್ ಬೇಡ

ಮೊದಲ ದಿನ ಮಕ್ಕಳು ತಮ್ಮ ದನಿ ಕೇಳಿ ಬೆಚ್ಚಿಬೀಳುತ್ತಾರೆ. ನಾಲ್ಕನೇ ತರಗತಿಯ ಇಬ್ಬರು ಹುಡುಗಿಯರಿಗೆ ಅವರ ರೆಕಾರ್ಡಿಂಗ್ ಕೇಳಿಸಿದಾಗ ಒಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಳು, ಇನ್ನೊಬ್ಬಳು ಖಡಾಖಂಡಿತವಾಗಿ ಹೇಳಿದಳು: ‘ಇದು ನಂದಲ್ಲರೀ ಟೀಚರ್, ಆಕೀದು ಇರಬೇಕು.’ ನಕ್ಕವಳಿಗೆ ಸಿಟ್ಟು ಬಂತು: ‘ನಾ ಎಲ್ಲಿ ಹಂಗ ಕೀರಲ ಮಾತಾಡ್ತೇನಿ?’

ಇದಕ್ಕೆ ಕಾರಣ ಹೇಳಿಕೊಡಿ, ಮಕ್ಕಳಿಗೆ ಅರ್ಥ ಆಗುತ್ತದೆ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲೂ ಬರುತ್ತದೆ, ತಲೆಬುರುಡೆಯ ಎಲುಬಿನ ಮೂಲಕವೂ ಒಳಕಿವಿಗೆ ಬರುತ್ತದೆ. ಎಲುಬಿನ ದಾರಿಯಲ್ಲಿ ದಪ್ಪ ಸ್ವರ ಜಾಸ್ತಿ ಸೇರಿಕೊಳ್ಳುತ್ತದೆ. ರೆಕಾರ್ಡರಿಗೆ ಮುಟ್ಟೋದು ಗಾಳಿಯ ದನಿ ಮಾತ್ರ, ಅದಕ್ಕೇ ತೆಳ್ಳಗೆ ಕೇಳುತ್ತದೆ. ಕಿವಿ ಎರಡನ್ನೂ ಬೆರಳಿನಿಂದ ಮುಚ್ಚಿಕೊಂಡು ‘ಅಮ್ಮಾ’ ಅನ್ನಿ ಅಂತ ಹೇಳಿ, ಎಲುಬಿನ ದನಿ ಕೂಡಲೇ ಗೊತ್ತಾಗುತ್ತದೆ. ವಿಜ್ಞಾನದ ಪಾಠವೂ ಆದ ಹಾಗಾಯ್ತು.

ಹಾಗಾಗಿ ಮೊದಲ ದಿನ ಕನ್ನಡದಲ್ಲೇ ಏನಾದರೂ ಮಾತಾಡಿಸಿ. ಒಡಪು ಹೇಳಲಿ, ಒಗಟು ಹೇಳಲಿ, ನಿನ್ನೆ ಜಾತ್ರೆಯಲ್ಲಿ ಏನು ತಿಂದೆ ಹೇಳಲಿ. ತಾಂಡಾದ ಮಗು ಲಂಬಾಣಿಯಲ್ಲಿ, ಗಡಿ ಊರಿನ ಮಗು ಮರಾಠಿಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ದನಿಯ ನಾಚಿಕೆ ಇಲ್ಲೇ ಕಳೆಯಲಿ. ನಾಚಿಕೆ, ಇಂಗ್ಲಿಷಿನ ಭಯ ಎರಡೂ ಒಟ್ಟಿಗೆ ಬಂದರೆ ಮಗು ಬಾಯಿಯೇ ಬಿಡಲ್ಲ.

ಮಾದರಿ ದನಿ ನಿಮ್ಮದೇ ಇರಲಿ

‘ನನ್ನ ಉಚ್ಚಾರಣೆಯೇ ಸರಿ ಇಲ್ಲ, ನಾನು ಹೇಗೆ ರೆಕಾರ್ಡ್ ಮಾಡಲಿ’ ಅಂತ ಬಹಳ ಶಿಕ್ಷಕರು ಹಿಂಜರಿಯುತ್ತಾರೆ. ಇಂಟರ್ನೆಟ್ಟಿನಿಂದ ಲಂಡನ್ನಿನ ದನಿ ತಂದು ಕೇಳಿಸುತ್ತಾರೆ. ಮಕ್ಕಳಿಗೆ ಅರ್ಧ ತಿಳಿಯಲ್ಲ. ಮೂರನೇ ತರಗತಿಯ ಮಗುವಿಗೆ ಪರಿಚಯದ ದನಿಯಲ್ಲಿ, ಬಿಡಿಸಿ ಹೇಳಿದ ಇಂಗ್ಲಿಷ್ ಮೊದಲು ಬೇಕು. ಅನುಮಾನ ಇರುವ ಶಬ್ದವನ್ನು ಫೋನಿನ ಡಿಕ್ಷನರಿಯಲ್ಲಿ ಒತ್ತಿ ಕೇಳಿ, ನಾಲ್ಕು ಸಲ ಅಂದುಕೊಂಡು, ಆಮೇಲೆ ರೆಕಾರ್ಡ್ ಮಾಡಿ. ಬೇರೆ ದನಿಗಳು ಐದನೇ ತರಗತಿಯ ಹೊತ್ತಿಗೆ ಬರಲಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಪಾಠದ ಸಾಮಗ್ರಿ ಸಿಗುತ್ತದೆ, ಅದನ್ನು ಆಗ ಕೇಳಿಸಿ.

ರೆಕಾರ್ಡ್ ಮಾಡುವಾಗ ಪ್ರತಿ ವಾಕ್ಯ ಮುಗಿದ ಮೇಲೆ ಖಾಲಿ ಜಾಗ ಬಿಡಿ. ವಾಕ್ಯ ಎರಡು ಸೆಕೆಂಡಿನದಾದರೆ ನಾಲ್ಕು ಸೆಕೆಂಡ್ ಸುಮ್ನೆ ಇರಿ. ಆ ಜಾಗದಲ್ಲಿ ಮಕ್ಕಳು ತಿರುಗಿ ಹೇಳುತ್ತಾರೆ. ಇದು ನಿಮಗೆ ತುಂಬ ಜಾಸ್ತಿ ಅನ್ನಿಸುತ್ತದೆ, ಮಕ್ಕಳಿಗೆ ಅಷ್ಟು ಬೇಕೇ ಬೇಕು. ಅಕ್ಷರ ಅಕ್ಷರ ಎಳೆದು ನಿಧಾನ ಮಾಡಬೇಡಿ. ವಾಕ್ಯವನ್ನು ಮಾಮೂಲಿನಂತೆ ಹೇಳಿ, ಬಿಡುವನ್ನು ಉದ್ದ ಮಾಡಿ. ಒಂದು ಫೈಲಿಗೆ ಆರೇಳು ವಾಕ್ಯ, ಎರಡು ನಿಮಿಷ ಮೀರದಂತೆ.

ಇದರಿಂದ ಇನ್ನೊಂದು ಉಪಯೋಗ ಇದೆ. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋಗುವ ಮನೆಗಳಿವೆ. ಮಕ್ಕಳೂ ಜೊತೆಗೆ ಹೋಗಿಬಿಡುತ್ತಾರೆ. ಅಪ್ಪನ ಫೋನಿಗೆ ವಾರಕ್ಕೊಂದು ಎರಡು ನಿಮಿಷದ ಫೈಲ್ ಕಳಿಸಿದರೆ ಮಗುವಿಗೆ ಪಾಠದ ನಂಟು ಪೂರ್ತಿ ಹರಿಯಲ್ಲ. ವಾಪಸ್ ಒಂದು ವಾಕ್ಯ ಹೇಳಿ ಕಳಿಸಿದರಂತೂ ದೊಡ್ಡ ಮಾತು.

ಏನು ಮಾತಾಡಿಸಬೇಕು

ಒಂದರಿಂದ ಮೂರನೇ ತರಗತಿಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ರೆಕಾರ್ಡ್ ಮಾಡೋದು ಬೇಡ. ನಲಿ-ಕಲಿ (ಆಟ-ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಗುಂಪಿನಲ್ಲಿ ಕೂತಲ್ಲೇ ಪ್ರಾಸದ ಹಾಡು, ಎಣಿಕೆ, ಬಣ್ಣದ ಹೆಸರು ಒಟ್ಟಿಗೆ ಹೇಳಿಸಿ.

ಈ ವಯಸ್ಸಿಗೆ ನನಗೆ ತುಂಬ ಇಷ್ಟವಾದದ್ದು ಸಪ್ಪಳದ ಆಟ. ಊರಿನ ಸಪ್ಪಳ ರೆಕಾರ್ಡ್ ಮಾಡಿ ತನ್ನಿ: ಎಮ್ಮೆ, ಹಿಟ್ಟಿನ ಗಿರಣಿ, ಬೋರ್‌ವೆಲ್ ಮೋಟರು, ಬಸ್ಸಿನ ಹಾರ್ನ್, ರೊಟ್ಟಿ ಬಡಿಯುವ ಸಪ್ಪಳ, ಶಾಲೆ ಗಂಟೆ. ಒಂದೊಂದಾಗಿ ಕೇಳಿಸಿ ‘ವಾಟ್ ಈಸ್ ಇಟ್?’ ಅಂತ ಕೇಳಿ. ‘ಇಟ್ ಈಸ್ ಎ ಬಫೆಲೊ.’ ‘ಈಸ್ ಇಟ್ ಎ ಬಸ್?’ ‘ನೋ, ಇಟ್ ಈಸ್ ಎ ಟ್ರ್ಯಾಕ್ಟರ್.’ ರೆಕಾರ್ಡಿಂಗ್ ನಡುವೆ ಬಂದ ಆ ಕಬ್ಬಿನ ಟ್ರ್ಯಾಕ್ಟರ್ ಇಲ್ಲಿ ಕೆಲಸಕ್ಕೆ ಬಂತು ನೋಡಿ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಇಡೀ ಕ್ಲಾಸು ಕನ್ನಡದಲ್ಲೇ ಕೂಗುತ್ತದೆ, ಕೂಗಲಿ. ಆಮೇಲೆ ‘ಮೈ ಮದರ್ ಈಸ್ ಮೇಕಿಂಗ್ ರೊಟ್ಟಿ’ ಅಂತ ಹೇಳಿಕೊಡಿ. ರೊಟ್ಟಿ ರೊಟ್ಟಿಯೇ ಇರಲಿ.

ನಾಲ್ಕು-ಐದಕ್ಕೆ ಇಬ್ಬರ ಮಾತುಕತೆ ಹೊಂದುತ್ತದೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳೋದು, ಬಸ್‌ಸ್ಟ್ಯಾಂಡಿನಲ್ಲಿ ಬಸ್ ಕೇಳೋದು. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು, ತಲಾ ಮೂರು ವಾಕ್ಯ. ಬರೆದದ್ದನ್ನು ನೋಡಿ ಓದಿಸಬೇಡಿ. ಓದಿದರೆ ದನಿಯೇ ಬದಲಾಗಿಬಿಡುತ್ತದೆ, ಕೇಳಿದ ಕೂಡಲೇ ಗೊತ್ತಾಗುತ್ತದೆ. ಚಿತ್ರದ ಚೀಟಿ ಕೊಡಿ, ಅದನ್ನು ನೋಡಿ ಮಾತಾಡಲಿ.

ಆರು-ಏಳನೇ ತರಗತಿಗೆ ಸ್ವಲ್ಪ ದೊಡ್ಡ ಕೆಲಸ ಕೊಡಿ: ಪ್ರವಾಸಿಗರಿಗೆ ಆಡಿಯೊ ಗೈಡ್. ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಬರವಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಪರದೇಶದವರು ಬರುತ್ತಲೇ ಇರುತ್ತಾರೆ, ಮಕ್ಕಳು ಕಣ್ಣಾರೆ ನೋಡಿದ್ದಾರೆ. ಅವರಿಗೆ ನೀವೇ ಊರು ತೋರಿಸಬೇಕು ಅಂದರೆ ಮಾತಿಗೆ ಒಂದು ಕಾರಣ ಸಿಗುತ್ತದೆ. ವಿಜಯಪುರದ ಮಕ್ಕಳು ಹೀಗೆ ಶುರು ಮಾಡಬಹುದು: ‘ದಿಸ್ ಈಸ್ ಗೋಲಗುಂಬಜ್. ಇಟ್ ಈಸ್ ಎ ವೆರಿ ಬಿಗ್ ಡೋಮ್. ಮೊಹಮ್ಮದ್ ಆದಿಲ್ ಶಾ ಈಸ್ ಬರೀಡ್ ಹಿಯರ್. ಗೋ ಅಪ್ ದ ಸ್ಟೆಪ್ಸ್. ಕ್ಲ್ಯಾಪ್ ವನ್ಸ್ ಅಂಡ್ ಲಿಸನ್.’

ಇದರಲ್ಲಿ ಇಸವಿಗಳನ್ನು ಬೇಕಂತಲೇ ಸೇರಿಸಿ. ಗೋಲಗುಂಬಜ್ ಮುಗಿದದ್ದು 1656ರಲ್ಲಿ, ಕಿತ್ತೂರಿನ ಯುದ್ಧ 1824ರಲ್ಲಿ, ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ‘ಸಿಕ್ಸ್‌ಟೀನ್ ಫಿಫ್ಟಿ ಸಿಕ್ಸ್’, ‘ನೈಂಟೀನ್ ಏಯ್ಟಿ ಸೆವೆನ್’ ಅನ್ನುವಾಗ ‘ಟೀನ್’ ಎಲ್ಲಿ, ‘ಟಿ’ ಎಲ್ಲಿ ಅನ್ನೋದು ನಾಲಿಗೆಗೆ ಒಳ್ಳೇ ಕಸರತ್ತು. ಒಂದು ಗುಂಪು ಹೇಳಿದ್ದನ್ನು ಇನ್ನೊಂದು ಗುಂಪು ಕೇಳಿ ಇಸವಿಯನ್ನು ಅಂಕಿಯಲ್ಲಿ ಬರೆಯಲಿ. ತಪ್ಪು ಬರೆದರೆ ಹೇಳಿದವರದೋ ಕೇಳಿದವರದೋ ತಪ್ಪು ಅಂತ ಮತ್ತೆ ಹಚ್ಚಿ ಕೇಳಿ. ಜಗಳ ಆಗುತ್ತದೆ, ಆದರೆ ಅದು ಬೇಕಾದ ಜಗಳ.

ಕೇಳಿಸೋದು: ಇಲ್ಲಿ ಆತುರ ಬೇಡ

ಒಂದು ಪಿರಿಯಡ್ ಹೀಗೆ ನಡೆಯಲಿ. ಮೊದಲ ಐದು ನಿಮಿಷ ಮಾದರಿ ಕೇಳಿ ತಿರುಗಿ ಹೇಳೋದು. ಹತ್ತು ನಿಮಿಷ ಜೋಡಿಯಲ್ಲಿ ರೂಢಿ. ಮುಂದಿನ ಹತ್ತು ನಿಮಿಷ ರೆಕಾರ್ಡಿಂಗ್. ಫೋನ್ ಸಿಗದ ಗುಂಪು ಚಿತ್ರ ಬರೆಯಲಿ, ಸರದಿ ಕಾಯಲಿ. ಉಳಿದ 15 ನಿಮಿಷ ಕೇಳೋಕೆ. ಹೊತ್ತಾಯ್ತು ಅಂತ ಈ ಹದಿನೈದನ್ನು ಕತ್ತರಿಸೋದಾದರೆ ಅವತ್ತು ರೆಕಾರ್ಡ್ ಮಾಡಲೇಬೇಡಿ.

ಕೇಳುವ ಕ್ರಮ ಮುಖ್ಯ. ಮಗು ಮೊದಲು ತನ್ನದನ್ನು ತಾನೊಬ್ಬನೇ, ಅಥವಾ ಜೊತೆಗಾರನ ಜೊತೆ ಕೇಳಬೇಕು. ಕೇಳಿದ ಮೇಲೆ ಎರಡೇ ಮಾತು ಹೇಳಬೇಕು: ಯಾವುದು ಚೆನ್ನಾಗಿ ಬಂತು, ಯಾವುದೊಂದನ್ನು ಬದಲಿಸುತ್ತೀ. ಆಮೇಲೆ ಇನ್ನೊಮ್ಮೆ ರೆಕಾರ್ಡ್ ಮಾಡಬೇಕು. ಮೊದಲನೆಯದು, ಎರಡನೆಯದು ಎರಡನ್ನೂ ಬೆನ್ನುಬೆನ್ನಿಗೆ ಕೇಳಿಸಿ. ವ್ಯತ್ಯಾಸ ಮಗುವಿಗೇ ತಿಳಿಯುತ್ತದೆ, ನೀವು ‘ಗುಡ್’ ಅನ್ನೋ ಅಗತ್ಯವೂ ಬೀಳಲ್ಲ.

ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ಎಲ್ಲವನ್ನೂ ಒಮ್ಮೆಲೇ ತಿದ್ದಿದರೆ ಮಗು ಮುಂದಿನ ಸಲ ಪಿಸುಗುಡುತ್ತದೆ. ನಮ್ಮ ಕಡೆಯ ಮಕ್ಕಳಲ್ಲಿ ಏನೇನು ಕೇಳಿಬರುತ್ತದೆ ಅಂತ ನಿಮಗೂ ಗೊತ್ತು. ‘ಸ್ಕೂಲ್’ ‘ಇಸ್ಕೂಲ್’ ಆಗುತ್ತದೆ, ‘ಸ್ಟಾರ್’ ‘ಇಸ್ಟಾರ್’ ಆಗುತ್ತದೆ. ಇದಕ್ಕೆ ‘ಸ್ಸ್ಸ್’ ಅಂತ ಹಾವಿನ ಸಪ್ಪಳ ಉದ್ದ ಎಳೆದು, ನಡುವೆ ಉಸಿರು ಬಿಡದೆ ‘ಕೂಲ್’ ಸೇರಿಸೋಕೆ ಹೇಳಿ. ದಿನ ಕಳೆದಂತೆ ಹಾವನ್ನು ಗಿಡ್ಡ ಮಾಡುತ್ತ ಬನ್ನಿ. ‘ಎಗ್’ ‘ಯೆಗ್’ ಆಗುತ್ತದೆ. ‘ಫ್ಯಾನ್’ ‘ಪ್ಯಾನ್’ ಆಗುತ್ತದೆ, ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಊದು ಅಂದರೆ ಬರುತ್ತದೆ. ‘ಝೂ’ ಅನ್ನೋಕೆ ‘ಜೂ’ ಅನ್ನುತ್ತಾರೆ. ‘ಸ್ಸ್’ ಅನ್ನುತ್ತಲೇ ಗಂಟಲು ನಡುಗಿಸು ಅನ್ನಿ, ಕೈ ಗಂಟಲ ಮೇಲೆ ಇಟ್ಟು ನೋಡಲಿ. ಇನ್ನು ‘ದಿಸ್ ಈಸ್ ಎ ಬುಕ್ಕು’, ‘ಐ ಕೇಮ್ ಬೈ ಬಸ್ಸು’. ಕನ್ನಡದಲ್ಲಿ ಶಬ್ದ ಸ್ವರದಲ್ಲಿ ಮುಗಿಯೋದು ರೂಢಿ, ಅದಕ್ಕೆ ಬಾಯಿ ತಾನೇ ‘ಉ’ ಸೇರಿಸುತ್ತದೆ. ಮಾತಾಡುವಾಗ ಇದು ಯಾರ ಕಿವಿಗೂ ಬೀಳಲ್ಲ. ರೆಕಾರ್ಡಿಂಗಿನಲ್ಲಿ ಕೇಳಿಸಿ ‘ಕೊನೆಗೆ ಏನೋ ಒಂದು ಬಾಲ ಇದೆ, ಹಿಡೀರಿ ನೋಡೋಣ’ ಅಂದರೆ ಮಕ್ಕಳೇ ಹಿಡಿಯುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕ ನೋಡಿ ‘ಟೂ ಬುಕ್ಸ್’ ಅಂತ ಓದುವ ಮಗು ಮಾತಾಡುವಾಗ ‘ಟೂ ಬುಕ್’ ಅನ್ನುತ್ತದೆ. ಕನ್ನಡದಲ್ಲಿ ‘ಎರಡು ಪುಸ್ತಕ’ ಅಂದರೆ ಸರಿ ತಾನೇ, ‘ಗಳು’ ಬೇಕಿಲ್ಲ. ಬರವಣಿಗೆಯ ಪರೀಕ್ಷೆಯಲ್ಲಿ ಈ ತಪ್ಪು ಸಿಗೋದೇ ಇಲ್ಲ. ಮಗುವಿಗೆ ನಿಯಮ ಗೊತ್ತು, ನಾಲಿಗೆಗೆ ಗೊತ್ತಿಲ್ಲ ಅನ್ನೋದು ರೆಕಾರ್ಡ್ ಕೇಳಿದ ಮೇಲೇ ತಿಳಿಯುತ್ತದೆ. ನನ್ನ ಮಟ್ಟಿಗೆ ರೆಕಾರ್ಡರಿನ ಅತಿ ದೊಡ್ಡ ಉಪಕಾರ ಇದು.

ಎಡವುತ್ತ ಮಾತಾಡಿದ ಮಗುವಿನ ರೆಕಾರ್ಡಿಂಗನ್ನು ಇಡೀ ಕ್ಲಾಸಿಗೆ ಕೇಳಿಸುವ ಮುಂಚೆ ಆ ಮಗುವನ್ನು ಕೇಳಿ. ‘ಬ್ಯಾಡ್ರೀ’ ಅಂದರೆ ಬೇಡ. ಇಬ್ಬರದು ಹಚ್ಚಿ ‘ಯಾರದು ಚಲೋ’ ಅಂತ ಕೇಳೋದಂತೂ ಬೇಡವೇ ಬೇಡ. ಒಳ್ಳೆಯ ದನಿಯ ಎರಡು ಮಕ್ಕಳನ್ನೇ ಪ್ರತಿ ಸಲ ಮುಂದೆ ಮಾಡೋದೂ ಅಷ್ಟೇ ಕೆಟ್ಟದ್ದು. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಅವರು ಇದ್ದೇ ಇರುತ್ತಾರೆ.

ಫೈಲು ಉಳಿಸೋದು, ಅಳಿಸೋದು

ರೆಕಾರ್ಡರಿನ ಸೆಟ್ಟಿಂಗಿನಲ್ಲಿ ಎಂಪಿ3 ಅಥವಾ ಎಂ4ಎ ಆರಿಸಿ. ಗುಣಮಟ್ಟದ ಆಯ್ಕೆಯಲ್ಲಿ (ಬಿಟ್‌ರೇಟ್) 64 ಕೆಬಿಪಿಎಸ್ ಇಟ್ಟರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. 35 ಮಕ್ಕಳ ಅರ್ಧರ್ಧ ನಿಮಿಷ ಕೂಡಿದರೂ ಒಂಬತ್ತು ಎಂಬಿ ದಾಟಲ್ಲ. ಸ್ಟೀರಿಯೊ ವೇವ್ ಫಾರ್ಮ್ಯಾಟಿನಲ್ಲಿ ನಿಮಿಷಕ್ಕೆ ಹತ್ತು ಎಂಬಿ ಆಗುತ್ತದೆ, ಹಳೇ ಫೋನ್ ಬೇಗ ಕಟ್ಟಿಕೊಳ್ಳುತ್ತದೆ.

ಫೈಲಿಗೆ ಮಗುವಿನ ಹೆಸರು ಹಾಕಬೇಡಿ. ತರಗತಿ, ಹಾಜರಿ ನಂಬರು, ತಿಂಗಳು ಇಷ್ಟು ಸಾಕು. ಅವತ್ತಿನ ರೆಕಾರ್ಡಿಂಗ್ ಅವತ್ತೇ ಅಳಿಸಿ. ಒಂದು ಮಗುವಿಗೆ ವರ್ಷದಲ್ಲಿ ಮೂರು ಮಾತ್ರ ಉಳಿಸಿ: ಜೂನಿನದು, ನವೆಂಬರಿನದು, ಮಾರ್ಚಿನದು. ಮೂರರಲ್ಲೂ ಕೆಲಸ ಒಂದೇ ಇರಲಿ, ಉದಾಹರಣೆಗೆ ‘ನನ್ನ ಮನೆ’ ಬಗ್ಗೆ ಅರ್ಧ ನಿಮಿಷ. ಮಕ್ಕಳ ಕೃತಿ ಸಂಪುಟಕ್ಕೆ (ಕಲಿಕೆಯ ದಾಖಲೆ ಇಡುವ ಕಡತ) ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ. ತಂದೆತಾಯಿಯರ ಸಭೆಯಲ್ಲಿ ಅಂಕಪಟ್ಟಿ ಓದಿ ಹೇಳೋದಕ್ಕಿಂತ ಅವರವರ ಮಗುವಿನ ಜೂನಿನ ದನಿ, ಮಾರ್ಚಿನ ದನಿ ಕೇಳಿಸಿ. ಓದು ಬರಹ ಬಾರದ ತಾಯಿಗೂ ಬದಲಾವಣೆ ತಿಳಿಯುತ್ತದೆ.

ಶುರುವಿನಲ್ಲೇ ಪಾಲಕರ ಒಪ್ಪಿಗೆ ತಗೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಅಂತಲೇ ಲೆಕ್ಕಕ್ಕೆ ಹಿಡಿಯುತ್ತದೆ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಬದಿಗಿರಲಿ, ಮಗುವಿನ ದನಿ ಆ ಮನೆಯವರದು. ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಸಾಕು: ಯಾತಕ್ಕೆ ರೆಕಾರ್ಡ್, ಎಲ್ಲಿ ಇಡುತ್ತೇವೆ, ಯಾವಾಗ ಅಳಿಸುತ್ತೇವೆ, ಯಾರಿಗೆ ಕೇಳಿಸುತ್ತೇವೆ. ಓದೋಕೆ ಬಾರದವರಿಗೆ ಓದಿ ಹೇಳಿ. ಬೇಡ ಅಂದವರ ಮಗು ರೆಕಾರ್ಡ್ ಇಲ್ಲದೆ ಅದೇ ಆಟ ಆಡಲಿ. ವಾಟ್ಸ್‌ಆ್ಯಪ್ ಗ್ರೂಪಿಗೆ, ಸ್ಟೇಟಸ್ಸಿಗೆ ಮಕ್ಕಳ ದನಿ ಹಾಕಬೇಡಿ. ತಪ್ಪು ಇಂಗ್ಲಿಷ್ ಕೇಳಿ ನಗೋಕೆ ಫಾರ್ವರ್ಡ್ ಮಾಡುವವರು ಎಲ್ಲ ಕಡೆ ಇರುತ್ತಾರೆ.

ಕರೆಂಟು, ಧೂಳು, ಬೇಸಿಗೆ

ಕರೆಂಟು ನಂಬಿ ಕೂರಬೇಡಿ, ಹಿಂದಿನ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿ ತನ್ನಿ, ಸ್ಪೀಕರನ್ನೂ. ನಿಮ್ಮ ದಿನಬಳಕೆಯ ಫೋನನ್ನೇ ಬಳಸುವುದಾದರೆ ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ‘ಕ್ಲ್ಯಾಪ್ ವನ್ಸ್ ಅಂಡ್ ಲಿಸನ್’ ಅನ್ನುವಷ್ಟರಲ್ಲಿ ಬ್ಯಾಂಕಿನವರ ಕರೆ ಬರುತ್ತದೆ. ದನಿ ದಿನೇ ದಿನೇ ಮಂಕಾಗಿ ಕೇಳತೊಡಗಿದರೆ ಮೈಕಿನ ತೂತಿನಲ್ಲಿ ಧೂಳು ಕೂತಿದೆ ಅಂತ ಅರ್ಥ. ಸೂಜಿ ಹಾಕಬೇಡಿ, ಒಳಗಿನ ಪರದೆ ಹರಿಯುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಒರೆಸಿ.

ಏಪ್ರಿಲ್‌ನಲ್ಲಿ ರಜೆ ಬಿಡುವಾಗ ಫೋನುಗಳನ್ನು ಶಾಲೆಯ ಕಬ್ಬಿಣದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿ ಹೋಗಬೇಡಿ. ವಿಜಯಪುರದ ಮೇ ತಿಂಗಳ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಬ್ಯಾಟರಿ ಊದಿಕೊಳ್ಳಬಹುದು. ಉಳಿದ ರೆಕಾರ್ಡಿಂಗ್ ಅಳಿಸಿ, ಬ್ಯಾಟರಿ ಅರ್ಧಕ್ಕೆ ಇಟ್ಟು, ಸ್ವಿಚ್ ಆಫ್ ಮಾಡಿ ಮನೆಗೆ ಒಯ್ಯಿರಿ. ಪೂರ್ತಿ ಚಾರ್ಜ್ ಮಾಡಿ ಇಡೋದೂ ಬೇಡ, ಪೂರ್ತಿ ಖಾಲಿ ಮಾಡಿ ಇಡೋದೂ ಬೇಡ. ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಒಮ್ಮೆ ಚಾಲೂ ಮಾಡಿ, ಹತ್ತು ಸೆಕೆಂಡ್ ಮಾತಾಡಿ ಕೇಳಿ ನೋಡಿ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಆ ಫೋನನ್ನು ಮಕ್ಕಳ ಹತ್ತಿರ ಒಯ್ಯಬೇಡಿ, ರಿಪೇರಿ ಅಂಗಡಿಗೆ ಕೊಡಿ.